ಗಬ್ಬೂರಿನಲ್ಲಿ ಟೊಪಗಿಗೆ ಬಿಸಿ ಅಚ್ಚು

ಬೆಂಗಳೂರು ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ‘ಹುಬ್ಬಳ್ಳಿ ಬಂತು, ಸಾಮಾನು ತಗೀರಿ’ ಎಂದು ಮೊದಲು ಸಾರಿ ಹೇಳುವ ಊರೆಂದರೆ ಗಬ್ಬೂರ. ಊರೆನ್ನುವುದಕ್ಕಿಂತ ಈಗ ಅದು ಹುಬ್ಬಳ್ಳಿಯ ತೆಂಕಣ ಬಾಗಿಲು ಎನ್ನಬೇಕು. ಇಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ಒಂದು ಕವಲು ಪೇಟೆಯೊಳಕ್ಕೆ ಹೋದರೆ ಇನ್ನೊಂದು ಬೈಪಾಸ್ ಆಗಿ ಊರನ್ನು ಬಳಸಿ ಧಾರವಾಡದಾಚೆಯ ನರೇಂದ್ರದವರೆಗೆ ಸುಮಾರು 30 ಕಿಲೋಮೀಟರ್ ಓಡುತ್ತದೆ. ‘ಗಬ್ಬೂರ ಕ್ರಾಸ್’ ಎಂದರೆ ಈ ಸೀಮೆಯ ಯಾವ ಕಂಡಕ್ಟರನಿಗೂ ತಿಳಿಯುತ್ತದೆ. ಸುತ್ತಲೂ ಕರಿಮಣ್ಣು. ಹತ್ತಿಯ ವ್ಯಾಪಾರದಿಂದ ಬೆಳೆದ ಹುಬ್ಬಳ್ಳಿಗೂ ಧಾರವಾಡಕ್ಕೂ 1962ರಲ್ಲಿ ಒಂದೇ ಮಹಾನಗರಪಾಲಿಕೆಯಾದ ಮೇಲೆ ಹೊಲಗಳ ನಡುವೆ ಗೋದಾಮು, ಗ್ಯಾರೇಜು, ಬಡಾವಣೆಗಳು ಎದ್ದುನಿಂತವು.

ಈ ಕ್ರಾಸಿನಲ್ಲಿ ಹತ್ತು ನಿಮಿಷ ನಿಂತು ಜನರ ತಲೆಗಳನ್ನಷ್ಟೇ ನೋಡಿರಿ. ಬಹಳ ತಮಾಷೆಯಾಗಿರುತ್ತದೆ! ಹಳ್ಳಿಯ ಹಿರಿಯರ ತಲೆಯ ಮೇಲೆ ಬೆಳ್ಳನೆಯ ಗಾಂಧಿ ಟೊಪಗಿ, ಇನ್ನು ಕೆಲವರಿಗೆ ಪಟಕಾ, ಬಿಸಿಲಿಗೆ ಹೊರಟ ಹೆಂಗಸರಿಗೆ ಸೆರಗು, ಲಾರಿಯವರಿಗೆ ಟವೆಲ್ಲು. ಹುಡುಗರ ತಲೆಯ ಮೇಲೆ ಮಾತ್ರ ಮುಂದೆ ಚಾಚಿದ ಅಂಚಿನ ಕ್ಯಾಪು. ಕ್ಯಾಪಿನ ಹಣೆಯ ಮೇಲೆ ಒಂದಲ್ಲ ಒಂದು ಬರಹ: ಶಾಲೆಯ ಹೆಸರು, ಬೀಜದ ಕಂಪನಿಯ ಹೆಸರು, ಸಂಘದ ಹೆಸರು, ಜಾತ್ರೆಯ ಹೆಸರು. ಈ ಬರಹಗಳನ್ನು ಬರೆಯುವವರು ಯಾರು? ದೊಡ್ಡ ಕಾರ್ಖಾನೆಯವರೇ ಇರಬೇಕು ಎಂದು ನಾನು ತಿಳಿದಿದ್ದೆ. ನನ್ನ ತಂಗಿಯ ನಾದಿನಿ ಗಬ್ಬೂರಿನ ತಮ್ಮ ಮನೆಯ ಪಡಸಾಲೆಯಲ್ಲೇ ಕುಳಿತು ಈ ಕೆಲಸ ಮಾಡುತ್ತಾಳೆಂದು ಕೇಳಿದ ಮೇಲೆ ನೋಡದೆ ಬರಲು ಮನಸ್ಸಾಗಲಿಲ್ಲ.

“ಬರ್ರಿ ಅಕ್ಕಾರ, ಒಳಗ ಬರ್ರಿ. ಮಷಿನ್ ಕಾಯಾಕ ಇಟ್ಟೀನಿ. ಅದು ಕಾಯೂದರಾಗ ಚಾ ಆಗ್ತದ” ಎಂದು ಆಕೆ ಸ್ವಾಗತಿಸಿದಳು. ಗೋಡೆಗೆ ಒರಗಿಸಿದ ಮೇಜಿನ ಮೇಲೆ ಆ ಯಂತ್ರ. ಮೊದಲ ನೋಟಕ್ಕೆ ಶಾವಿಗೆ ಒರಳಿಗೂ ಇಸ್ತ್ರಿ ಪೆಟ್ಟಿಗೆಗೂ ಹುಟ್ಟಿದ ಮಗುವಿನಂತಿತ್ತು! ಕೆಳಗೆ ತಲೆಯ ಆಕಾರಕ್ಕೆ ಬಾಗಿದ ಮೆತ್ತೆ, ಮೇಲೆ ಅದಕ್ಕೆ ಸರಿಯಾಗಿ ಬಾಗಿದ ಬಿಸಿ ತಟ್ಟೆ, ಎಳೆದು ಒತ್ತಲು ಒಂದು ಹಿಡಿಕೆ, ಶಾಖವನ್ನೂ ಸಮಯವನ್ನೂ ತೋರಿಸುವ ಸಣ್ಣ ಪೆಟ್ಟಿಗೆ. ಇದಕ್ಕೆ ಪೇಟೆಯಲ್ಲಿ ‘ಕ್ಯಾಪ್ ಹೀಟ್ ಪ್ರೆಸ್’ ಎನ್ನುತ್ತಾರೆ.

‘ಮನೆಯ ಇಸ್ತ್ರಿ ಪೆಟ್ಟಿಗೆಯಲ್ಲೇ ಒತ್ತಿದರೆ ಸಾಲದೆ?’ ಎಂಬ ಪ್ರಶ್ನೆ ನಿಮ್ಮಲ್ಲಿ ಹಲವರಿಗೆ ಬಂದೀತು. ನನಗೂ ಬಂತು. ಇಸ್ತ್ರಿ ಪೆಟ್ಟಿಗೆಯ ತಳ ಸಪಾಟು, ಟೊಪಗಿಯ ಹಣೆ ದುಂಡು. ನಡುವೆ ಒತ್ತಿದರೆ ಅಂಚು ಏಳುತ್ತದೆ, ಅಂಚು ಒತ್ತಿದರೆ ನಡು ಬಿಡುತ್ತದೆ. ಅಲ್ಲದೆ ಇಸ್ತ್ರಿ ಪೆಟ್ಟಿಗೆಯ ಶಾಖ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಹಂಚು ಅರ್ಧ ಕಾದು ಅರ್ಧ ತಣ್ಣಗಿದ್ದರೆ ರೊಟ್ಟಿಯ ಗತಿ ಏನಾಗುತ್ತದೆ? ಇದೂ ಹಾಗೆಯೇ. ಅಚ್ಚು ಗಟ್ಟಿಯಾಗಿ ಕೂರಬೇಕಾದರೆ ಶಾಖ, ಒತ್ತಡ, ಸಮಯ ಈ ಮೂರೂ ಸರಿಯಾಗಬೇಕು. ಒಂದು ಹೆಚ್ಚು ಮಾಡಿ ಇನ್ನೊಂದರ ಕೊರತೆ ತುಂಬಲಾಗದು.

ಅಚ್ಚಿನಲ್ಲಿ ಮುಖ್ಯವಾಗಿ ಮೂರು ಬಗೆ. ಯಂತ್ರ ಕೊಳ್ಳುವ ಮುಂಚೆ ಇವನ್ನು ತಿಳಿದಿರಬೇಕು.

ಮೊದಲನೆಯದು ವಿನೈಲ್. ಬಣ್ಣದ ತೆಳುವಾದ ಹಾಳೆಯಿಂದ ಅಕ್ಷರಗಳನ್ನು ಕತ್ತರಿಸಿ ಒತ್ತುವುದು. ಕತ್ತರಿಸುವಾಗ ಬಹುತೇಕ ಹಾಳೆಗಳಲ್ಲಿ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿರಬೇಕು. ಸಾಮಾನ್ಯವಾಗಿ 150ರಿಂದ 160 ಡಿಗ್ರಿ ಸೆಲ್ಸಿಯಸ್ ಶಾಖ, 10ರಿಂದ 15 ಸೆಕೆಂಡು. ಒಂದು ಎರಡು ಬಣ್ಣದ ಹೆಸರಿಗೆ ಇದು ಚೆನ್ನ.

ಎರಡನೆಯದು ಸಬ್ಲಿಮೇಷನ್. ಕರ್ಪೂರವನ್ನು ನೆನಪಿಸಿಕೊಳ್ಳಿರಿ. ಅದು ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತದಲ್ಲ, ಹಾಗೆಯೇ ಈ ಶಾಯಿ ಕಾಗದದಿಂದ ಆವಿಯಾಗಿ ಎದ್ದು ಬಟ್ಟೆಯ ಎಳೆಯೊಳಗೆ ಸೇರಿಬಿಡುತ್ತದೆ. ಕೈಯಾಡಿಸಿದರೆ ಅಚ್ಚು ಹಾಕಿದ್ದೇ ತಿಳಿಯದು. ಆದರೆ ಇದು ಪಾಲಿಯೆಸ್ಟರ್ ಬಟ್ಟೆಗೆ ಮಾತ್ರ, ಅದರಲ್ಲೂ ಬಿಳಿ ಅಥವಾ ತಿಳಿಬಣ್ಣಕ್ಕೆ ಮಾತ್ರ ಹಿಡಿಯುತ್ತದೆ. ಶಾಖ 190ರಿಂದ 200 ಡಿಗ್ರಿ, ಸಮಯ 45ರಿಂದ 60 ಸೆಕೆಂಡು. ಹತ್ತಿಯ ಟೊಪಗಿಗೆ ಒತ್ತಿದರೆ ನಾಲ್ಕು ತೊಳೆತಕ್ಕೆ ಮಸುಕಾಗುತ್ತದೆ.

ಮೂರನೆಯದು ಡಿಟಿಎಫ್. ಒಂದು ಬಗೆಯ ಫಿಲ್ಮಿನ ಮೇಲೆ ಬಣ್ಣದ ಚಿತ್ರ ಮುದ್ರಿಸಿ ಹಿಂಬದಿಗೆ ಅಂಟಿನ ಪುಡಿ ಹಾಯಿಸಿ ಕಾಯಿಸಿರುತ್ತಾರೆ. ಇದು ಹತ್ತಿಗೂ ಸರಿ, ಪಾಲಿಯೆಸ್ಟರಿಗೂ ಸರಿ, ಕಪ್ಪು ಟೊಪಗಿಗೂ ಸರಿ. ಶಾಖ 150ರಿಂದ 160 ಡಿಗ್ರಿ, 10ರಿಂದ 15 ಸೆಕೆಂಡು ಸಾಕು. ನಮ್ಮ ಗಬ್ಬೂರಿನ ತಂಗಿ ನೆಚ್ಚಿಕೊಂಡಿರುವುದು ಇದನ್ನೇ. “ಮುದ್ರಿಸೋ ಮಷಿನ್ ನಾ ತಗೊಂಡಿಲ್ರಿ ಅಕ್ಕಾರ. ಅದು ದೊಡ್ಡ ಬಂಡವಾಳ. ಪ್ಯಾಟ್ಯಾಗ ಮೀಟರ್ ಲೆಕ್ಕದಾಗ ಮುದ್ರಿಸಿ ಕೊಡ್ತಾರ. ನಾ ಬರೇ ಒತ್ತಾಕಿ” ಎಂದಳು. ಜಾಣೆ! ಹತ್ತು ಸೆಂಟಿಮೀಟರ್ ಅಗಲ, ಐದು ಸೆಂಟಿಮೀಟರ್ ಎತ್ತರದ ಹೆಸರಾದರೆ ಒಂದು ಮೀಟರ್ ಫಿಲ್ಮಿನಲ್ಲಿ 80ಕ್ಕೆ ಕಡಿಮೆಯಿಲ್ಲದೆ ಕೂರುತ್ತವೆ.

ಇನ್ನು ಯಂತ್ರ ಆರಿಸುವ ಮಾತು. ಅಂಗಡಿಗಳಲ್ಲಿ ‘ಐದು ಕೆಲಸಕ್ಕೆ ಒಂದು, ಎಂಟು ಕೆಲಸಕ್ಕೆ ಒಂದು’ ಎಂದು ಟೊಪಗಿ, ಕಪ್ಪು, ತಟ್ಟೆ, ಅಂಗಿ ಎಲ್ಲಕ್ಕೂ ಆಗುವ ಯಂತ್ರ ತೋರಿಸುತ್ತಾರೆ. ಎಲ್ಲವನ್ನೂ ಮಾಡುವ ಆಸೆಯಿದ್ದರೆ ಅದು ಸರಿಯೇ. ಆದರೆ ಪ್ರತಿ ಸಲವೂ ಒಂದು ಭಾಗ ಬಿಚ್ಚಿ ಇನ್ನೊಂದು ಕಟ್ಟಬೇಕು. ಟೊಪಗಿಯೇ ಮುಖ್ಯವೆಂದರೆ ಟೊಪಗಿಗೆಂದೇ ಮಾಡಿದ ಯಂತ್ರ ಮೇಲು. ಕೊಳ್ಳುವಾಗ ಈ ಐದು ಸಂಗತಿ ನೋಡಿರಿ:

ಒಂದು, ಕೆಳಗಿನ ಬಾಗಿದ ಮೆತ್ತೆಯನ್ನು ಬದಲಿಸಲು ಬರುತ್ತದೆಯೇ? ಮಕ್ಕಳ ಟೊಪಗಿಯ ಬಾಗು ಬೇರೆ, ದೊಡ್ಡವರದು ಬೇರೆ.

ಎರಡು, ಟೊಪಗಿಯನ್ನು ಹಿಂದಕ್ಕೆ ಎಳೆದು ಬಿಗಿಹಿಡಿಯುವ ಪಟ್ಟಿ ಇದೆಯೇ? ಇಲ್ಲದಿದ್ದರೆ ಒತ್ತುವಾಗ ಬಟ್ಟೆ ಜರುಗಿ ಬರಹ ಸೊಟ್ಟಗಾಗುತ್ತದೆ.

ಮೂರು, ಒತ್ತಡ ಹೆಚ್ಚು ಕಡಿಮೆ ಮಾಡುವ ತಿರುಪು ಕೈಗೆ ಸುಲಭವಾಗಿ ಸಿಗುತ್ತದೆಯೇ? ಹಿಡಿಕೆ ಒತ್ತಲು ಹೆಂಗಸಿನ ಒಂದು ಕೈಯ ಬಲ ಸಾಕಾಗಬೇಕು. ದಿನಕ್ಕೆ ನೂರು ಸಲ ಒತ್ತಬೇಕಾದವರು ನೀವು, ಅಂಗಡಿಯವರಲ್ಲ! ನೀವೇ ಹತ್ತು ಸಲ ಒತ್ತಿ ನೋಡಿರಿ.

ನಾಲ್ಕು, ತೋರಿಸುವ ಶಾಖವೂ ನಿಜವಾದ ಶಾಖವೂ ಒಂದೇ ಇದೆಯೇ? ದೂರದಿಂದಲೇ ಶಾಖ ಅಳೆಯುವ ಸಣ್ಣ ಥರ್ಮಾಮೀಟರು ಸಿಗುತ್ತದೆ. ಅದನ್ನು ಹಿಡಿದು ತಟ್ಟೆಯ ನಡುವೆ, ಎಡಕ್ಕೆ, ಬಲಕ್ಕೆ ಅಳೆದು ನೋಡಲು ಹೇಳಿರಿ. ಬಹಳ ವ್ಯತ್ಯಾಸವಿದ್ದರೆ ಕೊಳ್ಳಬೇಡಿರಿ.

ಐದು, ಕೆಟ್ಟರೆ ಬಿಸಿ ತಟ್ಟೆಯೊಂದನ್ನೇ ಬದಲಿಸಿ ಕೊಡುವವರು ಹತ್ತಿರದಲ್ಲಿ ಇದ್ದಾರೆಯೇ? ದೂರದಿಂದ ಪಾರ್ಸೆಲ್ಲಿನಲ್ಲಿ ಅಗ್ಗಕ್ಕೆ ತರಿಸಿದ್ದು ಒಂದು ದಿನ ಕೆಟ್ಟು ಕೂತರೆ ಮೂಲೆಯ ಪಾಲೇ.

ವಿದ್ಯುತ್ತಿನ ವಿಷಯ ಮರೆಯಬಾರದು. ಟೊಪಗಿಯ ಸಣ್ಣ ಯಂತ್ರ ಸುಮಾರು 600 ವ್ಯಾಟ್ ಎಳೆಯುತ್ತದೆ. ಅಂಗಿಗೆ ಅಚ್ಚು ಹಾಕುವ ದೊಡ್ಡ ಯಂತ್ರವಾದರೆ 1,400 ವ್ಯಾಟಿಗೂ ಮೇಲೆ. ಅದಕ್ಕೆ ಗೀಜರಿಗೆ ಹಾಕುವಂಥ ದೊಡ್ಡ ಪಿನ್ನಿನ ಸಾಕೆಟ್ಟೇ ಬೇಕು. ಎರಡಕ್ಕೂ ಅರ್ಥಿಂಗ್ ಸರಿಯಿರಬೇಕು. ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸುವುದು ಖಂಡಿತ ಬೇಡ. ಮನೆಯ ಮೀಟರಿನಲ್ಲಿ ವ್ಯಾಪಾರದ ಯಂತ್ರ ನಡೆಸುವ ವಿಚಾರವಾಗಿ ಹೆಸ್ಕಾಂ ಶಾಖಾ ಕಚೇರಿಯಲ್ಲಿ ಮೊದಲೇ ವಿಚಾರಿಸಿದರೆ ಮುಂದೆ ತಂಟೆಯಿಲ್ಲ.

ಅಷ್ಟರಲ್ಲಿ ಯಂತ್ರ ‘ಪೀಂ’ ಎಂದಿತು. ಒಂದು ಶಾಲೆಯ ಕ್ರೀಡಾಕೂಟಕ್ಕೆ 150 ನೀಲಿ ಟೊಪಗಿ ಆಗಬೇಕಿತ್ತು. ಆಕೆಯ ಕೈ ನೋಡುತ್ತಾ ಕೂತೆ. ಮೊದಲು ಟೊಪಗಿಯ ಒಳಗಿನ ಬೆವರುಪಟ್ಟಿಯನ್ನು ಹೊರಗೆ ಮಡಚಿದಳು. ಪಟ್ಟಿ ಒಳಗೇ ಉಳಿದರೆ ಅದರ ದಪ್ಪದಿಂದ ಕೆಳಸಾಲಿನ ಅಕ್ಷರಕ್ಕೆ ಒತ್ತಡ ಸರಿಯಾಗಿ ಬೀಳದು. ಮೆತ್ತೆಯ ಮೇಲೆ ಬಿಗಿಯಾಗಿ ಎಳೆದು ಕೂರಿಸಿ, ಅಚ್ಚು ಇಡದೆಯೇ ಮೂರು ನಾಲ್ಕು ಸೆಕೆಂಡು ಒತ್ತಿದಳು. “ಇದ್ಯಾಕ?” ಎಂದೆ. “ಬಟ್ಟ್ಯಾಗ ಥಂಡಿ ಇರ್ತದಲ್ರಿ, ಅದು ಹೋಗಬೇಕು. ಮಳಿಗಾಲದಾಗಂತೂ ಇದನ್ನ ಬಿಟ್ರ ಅಚ್ಚು ಏಳತದ.” ಆಮೇಲೆ ನಡುವಿನ ಗೆರೆ ನೋಡಿ ಫಿಲ್ಮ್ ಇಟ್ಟು, ಶಾಖ ತಡೆಯುವ ಟೇಪಿನ ಎರಡು ತುಂಡು ಅಂಟಿಸಿದಳು. ಮೇಲೊಂದು ಟೆಫ್ಲಾನ್ ಹಾಳೆ. ಹಿಡಿಕೆ ಎಳೆದು ಹನ್ನೆರಡು ಸೆಕೆಂಡು. ತೆಗೆದು, ಆರಲು ಬಿಟ್ಟು, ಫಿಲ್ಮನ್ನು ಮೂಲೆಯಿಂದ ಮೆಲ್ಲಗೆ ಎಳೆದಳು. ಶಾಲೆಯ ಹೆಸರು ಟೊಪಗಿಯಲ್ಲೇ ಹುಟ್ಟಿ ಬಂದಂತೆ ಕೂತಿತ್ತು! ಹಾಳೆ ಮುಚ್ಚಿ ಮತ್ತೆ ಐದು ಸೆಕೆಂಡು ಒತ್ತಿದರೆ ಕೆಲಸ ಮುಗಿಯಿತು. ಕೆಲವು ಫಿಲ್ಮನ್ನು ಬಿಸಿಯಿರುವಾಗಲೇ ಎಳೆಯಬೇಕು, ಕೆಲವನ್ನು ಆರಿದ ಮೇಲೆ. ಮುದ್ರಿಸಿ ಕೊಡುವವರನ್ನು ಕೇಳಿ ಗುರುತು ಹಾಕಿಟ್ಟುಕೊಳ್ಳಬೇಕು.

ಟೊಪಗಿ ಕೊಳ್ಳುವುದರಲ್ಲೂ ಹದವಿದೆ. ಆರು ತುಂಡಿನ ಟೊಪಗಿಗೆ ಹಣೆಯ ನಟ್ಟನಡುವೆ ಹೊಲಿಗೆ ಬರುತ್ತದೆ. ಅಲ್ಲಿ ಅಕ್ಷರ ಬಿರಿಯಬಹುದು. ಐದು ತುಂಡಿನದಕ್ಕೆ ಮುಂದೆ ಹೊಲಿಗೆಯಿಲ್ಲ. ಮುಂಭಾಗಕ್ಕೆ ಒಳಗೆ ಗಟ್ಟಿ ಬಕ್ರಮ್ ಕೊಟ್ಟದ್ದು ಆಕಾರ ಹಿಡಿದು ನಿಲ್ಲುತ್ತದೆ. ನೈಲಾನ್ ಟೊಪಗಿ ಮಾತ್ರ ಬೇಡವೇ ಬೇಡ, ಈ ಶಾಖಕ್ಕೆ ಸುಕ್ಕುಗಟ್ಟಿ ಕರಗೀತು. ಬರಹದ ಎತ್ತರ ಎರಡೂವರೆ ಅಂಗುಲ ಮೀರದಿರಲಿ. ಮೇಲೆ ಬಾಗು ಹೆಚ್ಚಾಗಿ ತಟ್ಟೆ ಮುಟ್ಟುವುದಿಲ್ಲ. ಕೊಂಡವರಿಗೂ ಎರಡು ಮಾತು ಹೇಳಿ ಕಳಿಸಬೇಕು: ಒಂದು ದಿನ ಕಳೆಯುವ ತನಕ ತೊಳೆಯಬೇಡಿ, ಆಮೇಲೆ ತಣ್ಣೀರಿನಲ್ಲಿ ಕೈಯಿಂದಲೇ ತೊಳೆಯಿರಿ, ಬರಹದ ಮೇಲೆ ಬ್ರಷ್ಷು ಹಾಕಿ ತಿಕ್ಕಬೇಡಿ.

ಈಗ ಹಣದ ಲೆಕ್ಕ. ಲೆಕ್ಕದ ದಾರಿ ತೋರಿಸಲೆಂದು ಕೆಲವು ಅಂಕಿ ಇಟ್ಟುಕೊಳ್ಳೋಣ. ನಿಮ್ಮೂರಿನ ಬೆಲೆ ಬೇರೆಯಿದ್ದೀತು. ಬರೀ ಟೊಪಗಿ 45 ರೂಪಾಯಿ, ಅಚ್ಚು 10, ನೂರಕ್ಕೆ ಐದು ಕೆಟ್ಟವೆಂದು ಹಿಡಿದು 3, ಬಸ್ಸು, ಚೀಲ, ಕರೆಂಟು ಎಲ್ಲ ಸೇರಿ 4. ಒಟ್ಟು 62 ಆಯಿತು. ಎಂಬತ್ತಕ್ಕೆ ಮಾರಿದರೆ ಉಳಿಯುವುದು 18. ಗಂಟೆಗೆ ಮೂವತ್ತರಂತೆ 150 ಟೊಪಗಿಗೆ ಐದು ಗಂಟೆ ಕೆಲಸ, ಹೆಚ್ಚೆಂದರೆ ಮೂರು ಯೂನಿಟ್ ವಿದ್ಯುತ್ತು, 2,700 ರೂಪಾಯಿ ಉಳಿತಾಯ. ಕೇಳಲು ಹಿತವಾಗಿದೆ. ಆದರೆ ಯಂತ್ರ, ಹಾಳೆ, ಟೇಪು ಎಲ್ಲ ಸೇರಿ 12,000 ಹಾಕಿದ್ದರೆ ಹಾಕಿದ್ದು ಹಿಂದಕ್ಕೆ ಬರಲು ಸುಮಾರು 670 ಟೊಪಗಿ ಮಾರಬೇಕು. ಆ 670 ತಲೆಗಳು ಎಲ್ಲಿವೆ? ಸಾಲ ತೆಗೆಯುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ಈಕೆ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಕೇಳುವ ಮುನ್ನ ಎರಡು ಶಾಲೆ, ಒಂದು ಭಜನಾ ಮಂಡಳಿ, ಕ್ರಾಸಿನ ಎರಡು ಗ್ಯಾರೇಜು ಸುತ್ತಿ ಮಾತು ತೆಗೆದುಕೊಂಡು ಬಂದಿದ್ದಳಂತೆ. ಕಂತು ಕಟ್ಟಿ ಉಳಿದದ್ದು ಮಗಳ ಕಾಲೇಜಿನ ಫೀಗೆ. ಕಂತು ತಪ್ಪಿದರೆ ಸಂಘದ ಹತ್ತು ಹೆಂಗಸರ ಮುಂದೆ ತಲೆ ತಗ್ಗಬೇಕು. ಹೆಚ್ಚಿನ ಬಂಡವಾಳ ಬೇಕಾದವರು 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಶಿಶು ಸಾಲವನ್ನೂ ವಿಚಾರಿಸಬಹುದು. 50,000 ರೂಪಾಯಿವರೆಗಿನ ಆ ಸಾಲಕ್ಕೆ ಅಡಮಾನ ಬೇಕಿಲ್ಲ.

ಇಷ್ಟು ಹೊತ್ತೂ ಆಕೆಯ ಅತ್ತೆ ಬಾಗಿಲ ಬಳಿ ಕುಳಿತು ಮೊಮ್ಮಗುವಿಗೆ ಕುಂಚಿಗೆ ಹೊಲಿಯುತ್ತಿದ್ದರು. ನಮ್ಮ ಕಡೆ ಹಸುಗೂಸಿನ ತಲೆಗೆ ಹಾಕುವುದು ಕುಲಾವಿ. ಅದಕ್ಕೇ ಬೆನ್ನು ಮುಚ್ಚುವ ಹೊದಿಕೆ ಸೇರಿದರೆ ಕುಂಚಿಗೆ. ಇಳಕಲ್ಲ ಸೀರೆಯ ಸೆರಗಿಗೂ ಈ ಕುಂಚಿಗೆ ಕುಲಾವಿಗಳಿಗೂ ಧಾರವಾಡ ಸೀಮೆಯ ಹೆಂಗಸರು ಕಸೂತಿ ಹಾಕುತ್ತಾ ಬಂದದ್ದು ತಲೆಮಾರುಗಳಿಂದ. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಹೊಲಿಗೆ. ಗವಂತಿ, ಮುರಗಿಗಳಿಗೆ ಹಿಂದೆ ಮುಂದೆ ಎರಡೂ ಕಡೆ ಒಂದೇ ರೂಪ. ಬಟ್ಟೆಯ ಮೇಲೆ ಗೆರೆ ಹಾಕಿಕೊಳ್ಳದೆ ಎಳೆಗಳನ್ನು ಎಣಿಸುತ್ತಲೇ ತೇರು, ಗೋಪುರ, ಆನೆ, ತುಳಸಿಕಟ್ಟೆ ಮೂಡಿಸಬೇಕು.

“ಯವ್ವಾ, ನನ್ನ ಸೊಸಿ ಜಾಣಿ ಅದಾಳ. ಆದ್ರ ಒಂದು ಮಾತಿಗೆ ನಮಗೂ ಆಕಿಗೂ ಕೂಡಿಬರಂಗಿಲ್ಲ” ಎಂದು ಮುದುಕಿ ನಕ್ಕರು. ವಿಷಯ ಇಷ್ಟೇ. ಪೇಟೆಯ ಒಬ್ಬ ವ್ಯಾಪಾರಿ ಆನೆ, ಗೋಪುರದ ಕಸೂತಿಯ ಫೋಟೋ ತೆಗೆದು ಅದನ್ನೇ ಟೊಪಗಿಗೆ ಒತ್ತಿ ‘ಧಾರವಾಡ ಕಸೂತಿ ಕ್ಯಾಪ್’ ಎಂಬ ಚೀಟಿ ಹಚ್ಚಿ ಐನೂರು ಕೊಡು ಎಂದು ಕೇಳಿದ್ದಾನೆ. ಐನೂರೆಂದರೆ ಯಂತ್ರದ ಸಾಲ ಬಹುತೇಕ ತೀರಿದಂತೆ! ಸೊಸೆಗೆ ಆಸೆ. ಅತ್ತೆಗೆ ಸಿಟ್ಟು. “ಹನ್ನೆರಡು ಸೆಕೆಂಡಿಗೆ ಒತ್ತಿದ್ದನ್ನ ಕಸೂತಿ ಅಂದ್ರ, ಹದಿನೈದು ದಿನ ಕಣ್ಣು ಕಳಕೊಂಡು ಹಾಕಿದ್ದನ್ನ ಏನಂತಾರವ್ವಾ?”

ಈ ಪ್ರಶ್ನೆ ಆ ಪಡಸಾಲೆಯದಷ್ಟೇ ಅಲ್ಲ. ಇದೇ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. 1957ರ ನವೆಂಬರ್ 1ರಂದು ಸ್ಥಾಪನೆಯಾದದ್ದು. ಭಾರತೀಯ ಮಾನಕ ಬ್ಯೂರೋದ ಮಾನ್ಯತೆ ಪಡೆದು ಇಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಿಸುತ್ತಾರೆ. ಬಟ್ಟೆ ಬಾಗಲಕೋಟೆಯ ಕಡೆಯ ತುಳಸಿಗೇರಿಯಲ್ಲಿ ನೇಯ್ದು ಬರುತ್ತದೆ. ನೂಲುವವರು, ಹೊಲಿಯುವವರು ಹೆಚ್ಚಾಗಿ ಹೆಂಗಸರೇ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರಿನ, ಯಂತ್ರದಿಂದ ಮಾಡಿದ ಧ್ವಜಕ್ಕೂ ಅನುಮತಿ ಸಿಕ್ಕಿತು. ಅಗ್ಗದ ಧ್ವಜ ಮನೆಮನೆಗೆ ಬಂತು. ಬೆಂಗೇರಿಯ ಹೆಂಗಸರಿಗೆ ಕೆಲಸದ ಚಿಂತೆ ಹತ್ತಿತು. ಯಂತ್ರ ಒಬ್ಬಳ ಕೈಗೆ ತುತ್ತು ಕೊಡುವಾಗಲೇ ಇನ್ನೊಬ್ಬಳ ಕೈಯಿಂದ ಸೂಜಿ ಕಸಿಯುವುದೂ ಉಂಟು. ಹಾಗೆಂದು ಯಂತ್ರವನ್ನೇ ಬೈಯುವುದು ಸುಲಭ. ಆ ಮನೆಯ ಮಗಳ ಫೀ ಕಟ್ಟುವವರು ಯಾರು?

ಅತ್ತೆ ಸೊಸೆ ಕೂಡಿ ಕಂಡುಕೊಂಡ ದಾರಿ ನನಗೆ ಮೆಚ್ಚಿಗೆಯಾಯಿತು. ಟೊಪಗಿಗೆ ಆನೆ, ಗೋಪುರದ ಅಚ್ಚು ಹಾಕಿ ಕೊಡುವುದು, ಆದರೆ ಚೀಟಿಯಲ್ಲಿ ‘ಕಸೂತಿ ಚಿತ್ರದ ಅಚ್ಚು’ ಎಂದೇ ಬರೆಯುವುದು. ವ್ಯಾಪಾರಿ ಗೊಣಗಿದನಂತೆ, ಐನೂರರ ಬದಲು ಇನ್ನೂರಕ್ಕೆ ಇಳಿದನಂತೆ. ಅದೇ ಅಂಗಡಿಯಲ್ಲಿ ಅತ್ತೆಯ ಕೈಯ ನಾಲ್ಕು ನಿಜವಾದ ಕಸೂತಿ ಕುಲಾವಿಗಳನ್ನೂ ಪಕ್ಕದಲ್ಲೇ ಇಡಲು ಒಪ್ಪಿಸಿದ್ದಾರೆ. ಎರಡನ್ನೂ ಮುಟ್ಟಿ ನೋಡಿದ ಗಿರಾಕಿಗೆ ಬೆಲೆಯ ಅಂತರ ಯಾಕೆಂದು ಯಾರೂ ಹೇಳಬೇಕಾಗಿಲ್ಲ.

ಮುದುಕಿ ಇನ್ನೊಂದು ಮಾತು ಸೇರಿಸಿದರು. ಕೂಸಿನ ಟೊಪಗಿಗೆ ಈ ಅಚ್ಚು ಬೇಡ. ನೆತ್ತಿ ಬೆವರುವ ಜಾಗದಲ್ಲಿ ಪ್ಲಾಸ್ಟಿಕ್ಕಿನಂಥ ಪದರ ಕೂತರೆ ಗಾಳಿಯಾಡದು. ಮೆತ್ತನೆಯ ಹತ್ತಿಯ ಬಟ್ಟೆಯೇ ಲೇಸು. ಈ ಮಾತಿಗೆ ಸೊಸೆಯೂ ತಲೆದೂಗಿದಳು.

ಈ ಕೆಲಸಕ್ಕೆ ಇಳಿಯುವ ಸೋದರಿಯರು ನೆನಪಿಡಬೇಕಾದ ಇನ್ನು ಕೆಲವು ಸಂಗತಿಗಳಿವೆ. ಹೆಸರಾದ ಕಂಪನಿಗಳ, ಕ್ರಿಕೆಟ್ ತಂಡಗಳ ಗುರುತನ್ನು ಅವರ ಒಪ್ಪಿಗೆಯಿಲ್ಲದೆ ಒತ್ತಿ ಮಾರುವುದು ಅಪರಾಧ. ಗಿರಾಕಿ ಎಷ್ಟೇ ಒತ್ತಾಯಿಸಲಿ, ಒಲ್ಲೆನ್ನಿರಿ. ಆಗಸ್ಟ್ ಬಂತೆಂದು ರಾಷ್ಟ್ರಧ್ವಜವನ್ನೇ ಬಟ್ಟೆಗೆ ಅಚ್ಚು ಹಾಕಲು ಹೋಗಬೇಡಿರಿ. ದಿಂಬು, ಕರವಸ್ತ್ರ, ಉಡುಪಿನ ಬಟ್ಟೆಗಳ ಮೇಲೆ ಧ್ವಜ ಮುದ್ರಿಸುವುದನ್ನು ಕಾನೂನು ತಡೆಯುತ್ತದೆ. ಒತ್ತುವಾಗ ಕಿಟಕಿ ತೆರೆದಿರಲಿ, ವಾಸನೆಯೂ ಆವಿಯೂ ಹೊರಗೆ ಹೋಗಲಿ. ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲೇ ಯಂತ್ರ ಕಾಯಿಸಿರಿ. ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಹೋದರೆ ಹಾಲು ಉಕ್ಕಿ ಹೋದೀತು, ಅಷ್ಟೆ; ಇದನ್ನು ಕಾಯಲಿಟ್ಟು ಹೋದರೆ ಮನೆಗೇ ಅಪಾಯ. ಯಾರಾದರೂ ಕರೆದರೆ ಮೊದಲು ಸ್ವಿಚ್ಚು ಆರಿಸಿ, ಆಮೇಲೆ ಓಗೊಡಿರಿ.

ಹುಬ್ಬಳ್ಳಿಗೆ ಹೋದಾಗ ಸಿದ್ಧಾರೂಢ ಮಠ, 2023ರಲ್ಲಿ ಉದ್ಘಾಟನೆಯಾದ ಒಂದೂವರೆ ಕಿಲೋಮೀಟರ್ ಉದ್ದದ ರೈಲು ಪ್ಲಾಟ್‌ಫಾರಂ, ದುರ್ಗದಬೈಲಿನ ಪೇಟೆ ಎಲ್ಲವನ್ನೂ ನೋಡಿರಿ. ಬೆಂಗೇರಿಗೂ ಹೋಗಿ ಒಂದು ಖಾದಿ ಧ್ವಜ ಕೊಂಡು ತನ್ನಿರಿ. ಬಸ್ಸು ಗಬ್ಬೂರ ಕ್ರಾಸಿನಲ್ಲಿ ನಿಧಾನವಾದಾಗ ಕಿಟಕಿಯಿಂದ ಜನರ ಟೊಪಗಿಗಳನ್ನೂ ಗಮನಿಸಿರಿ. ಅವುಗಳಲ್ಲಿ ಕೆಲವಾದರೂ ನಮ್ಮಂಥವಳೊಬ್ಬಳು ಬೆಳಗಿನ ರೊಟ್ಟಿ ಮುಗಿಸಿ, ಮಧ್ಯಾಹ್ನದ ನೀರು ಬರುವುದರೊಳಗೆ, ಪಡಸಾಲೆಯಲ್ಲಿ ನಿಂತು ಒತ್ತಿದವು.